ಮೇಯಾಕ ಹೋದ ಕುರಿ

ಅವ್ವ ಕೂತುಕೊಳ್ಳುವುದನ್ನು ಬಿಟ್ಟಿದ್ದಳು. ನಾನು ಅದನ್ನು ಗಮನಿಸಿದ್ದು ತಡವಾಗಿ.

ಉಣ್ಣುವಾಗ ಗೋಡೆಗೆ ಒರಗಿ ನಿಲ್ಲುತ್ತಿದ್ದಳು. ಕಾಳು ಹಸನು ಮಾಡುವಾಗ ಮೊರವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ನಿಂತೇ ಮಾಡುತ್ತಿದ್ದಳು. ಮಾತಾಡಿದರೆ ಒಲೆಯಿಂದ ಬಾಗಿಲಿಗೆ, ಬಾಗಿಲಿಂದ ಒಲೆಗೆ. ಇಚಲಕರಂಜಿಯ ಶಹಾಪುರದಲ್ಲಿ ನಮ್ಮದು ಒಂದೇ ಖೋಲಿ. ಗೋಡೆಯ ಆಚೆ ಮಗ್ಗಗಳ ಖಟಖಟ, ಈಚೆ ಈ ಮುದುಕಿಯ ಸುತ್ತಾಟ. ನಾನು ನೂಲಿನ ಗಿರಣಿಯಲ್ಲಿ ಪಾಳಿ ಪೂರಾ ನಿಂತು ಲಡಿ ಸುತ್ತಿ ಬಂದವಳು. ಮನೆಗೆ ಬಂದಮೇಲೆ ಕಣ್ಣ ಮುಂದೆ ಮತ್ತೊಂದು ಯಂತ್ರ ತಿರುಗಿದರೆ ತಲೆ ಕೆಡದೆ ಏನಾಗುತ್ತದೆ?

"ಯವ್ವಾ, ಒಂದ ಕಡೆ ಕುಂಡರ. ನೀ ಹಿಂಗ ಗಿರಕಿ ಹೊಡದ್ರ ನನಗ ಚಕ್ಕರ ಬರತೈತಿ."

"ಕುಂತ್ರ ಕಾಲ ಹಿಡೀತಾವ. ಕುರಿ ಹಿಂದ ತಿರಗಿದ ಜೀವ ಐತಿ ಇದು."

"ಕುರಿ ಹೋಗಿ ಎಷ್ಟ ವರ್ಷ ಆತು?"

"ಹೋಗ್ಯಾವ ಅನಬ್ಯಾಡ ದುರ್ಗೀ. ಮೇಯಾಕ ಹೋಗ್ಯಾವ ಅನ್ನ."

ನಾವು ಕುರುಬರು, ಮರಾಠಿಯವರು ಧನಗರ ಅನ್ನುತ್ತಾರೆ. ಗಡಹಿಂಗ್ಲಜ ತಾಲೂಕಿನ ಗಡಿಯ ಹಳ್ಳಿ ನಮ್ಮದು. ಕುರಿ ಸತ್ತರೂ ಮಾರಿದರೂ, ಹಟ್ಟಿ ಪೂರಾ ಬರಿದಾದರೂ ನಮ್ಮ ಮನೆಯಲ್ಲಿ 'ಕುರಿ ಇಲ್ಲ' ಅನ್ನುವುದಿಲ್ಲ. ಅಂದರೆ ಆ ಮಾತನ್ನು ದೇವರು ಹಿಡಿದುಕೊಳ್ಳುತ್ತಾನೆ, ಮುಂದೆ ಆ ಹಟ್ಟಿಗೆ ಎಂದೂ ಕುರಿ ಬರುವುದಿಲ್ಲ. ಅದಕ್ಕೆ 'ಮೇಯಾಕ ಹೋಗ್ಯಾವ' ಅನ್ನಬೇಕು. ಅಪ್ಪ ತೀರಿಕೊಂಡ ಮರುವರ್ಷ ರೋಗ ಬಂದು ಅರ್ಧ ಹಿಂಡು ಸತ್ತಿತು. ಉಳಿದದ್ದನ್ನು ಮುರಗೂಡದ ಸಂತೆಯಲ್ಲಿ ಮಾರಿ, ಅವ್ವ ಒಂದು ಕಂಬಳಿ, ಒಂದು ಕೋಲು ಹಿಡಿದು ನನ್ನ ಮನೆಗೆ ಬಂದಳು. ನಾನು ಪಾಳಿಗೆ ಹೋದಾಗ ನನ್ನ ಮಕ್ಕಳನ್ನು ಸಾಕಿದವಳು ಅವಳೇ. ಮಕ್ಕಳು ದೊಡ್ಡವರಾಗಿ ಹೊರಬಿದ್ದರು. ಅವ್ವನ ಕುರಿಗಳು ಮಾತ್ರ ಇನ್ನೂ ಮೇಯುತ್ತಿದ್ದವು. ಓಣಿಯ ನೇಕಾರ ಹೆಂಗಸರಿಗೆ ಅದೊಂದು ಚೇಷ್ಟೆ.

"ಬೀರವ್ವಾ, ಇನ್ನೂ ಬರಲಿಲ್ಲೇನ ನಿನ್ನ ಕುರಿ?"

"ಹುಲ್ಲ ಭಾಳ ಚಲೋ ಐತಂತ. ನಿಮ್ಮ ಮಾರಿ ನೋಡಾಕ ಯಾಕ ಬರತಾವ?"

ಹೀಗೆ ನಗುತ್ತಿದ್ದ ಮುದುಕಿ ನಗುವುದನ್ನೂ ಬಿಟ್ಟಿದ್ದು ನನಗೆ ಒಂದು ದಿನ ಬಚ್ಚಲಲ್ಲಿ ತಿಳಿಯಿತು. ಅವಳು ಮಿಂದು ಹೋದ ಕಲ್ಲಿನ ಮೇಲೆ ರಕ್ತ ಇತ್ತು. ಒಳಗೆ ಬಂದು ಬಾಗಿಲು ಹಾಕಿ ಕೇಳಿದೆ. ಹೇಳಲಿಲ್ಲ. ಗದರಿಸಿದೆ. ಆಗ ಗೋಡೆಯ ಕಡೆ ಮುಖ ಮಾಡಿ ಹೇಳಿದಳು.

"ಅಂಗ ಹೊರಗ ಬಂದೈತಿ."

"ಯಾವಾಗಿಂದ?"

"ಜೋತಿಬಾ ಹುಟ್ಟಿದಾಗಿಂದ. ಹಸಿ ಬಾಣಂತಿ ಇದ್ದಾಗನ ಹಿಂಡ ಘಟ್ಟಾ ಇಳೀತು. ಬಿಟ್ಟ ಇರಾಕ ಆಗತಿತ್ತೇನು? ಅರವಿ ಕಟ್ಟಕೊಂಡ ನಡದ್ನಿ. ಈಗ ಅರವಿಗೂ ನಿಂದರವಲ್ದು."

ಜೋತಿಬಾ ನನ್ನ ತಮ್ಮ. ಆಗಲೇ ಅವನ ತಲೆ ನೆರೆಯತೊಡಗಿತ್ತು. ಅಷ್ಟು ವರ್ಷ ಈಕೆ ಗರ್ಭಕೋಶವನ್ನು ಬಟ್ಟೆಯಿಂದ ಎತ್ತಿ ಕಟ್ಟಿಕೊಂಡು ಬೆಟ್ಟ ಹತ್ತಿದ್ದಳು, ನನ್ನ ಮಕ್ಕಳನ್ನು ಕಂಕುಳಲ್ಲಿ ಹೊತ್ತಿದ್ದಳು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅವಳ ಮೇಲೂ, ನನ್ನ ಮೇಲೂ.

ಡಾಕ್ಟರಬಾಯಿ ನೋಡಿ ಮುಖ ಗಂಟಿಕ್ಕಿದಳು. ಹುಣ್ಣಾಗಿದೆ, ಮೂತ್ರ ಕಟ್ಟತೊಡಗಿದೆ, ಕೀವು ಮೇಲಕ್ಕೆ ಏರಿದರೆ ಜೀವಕ್ಕೆ ಬರುತ್ತದೆ, ಆಪರೇಷನ್ ಆಗಲೇಬೇಕು ಅಂದಳು. ಸರಕಾರಿ ದವಾಖಾನೆಯಲ್ಲಿ ಹೆಸರು ಬರೆಸಿದೆವು. ಅಲ್ಲಿ ಹಾಸಿಗೆಗಿಂತ ಹೆಂಗಸರು ಹೆಚ್ಚು. ಹೋಳಿ ಆದಮೇಲೆ ಬರ್ರಿ ಅಂದರು. ಆಗಿನ್ನೂ ದೀಪಾವಳಿ ಕೂಡ ಬಂದಿರಲಿಲ್ಲ. ಖಾಸಗಿ ದವಾಖಾನೆಯ ಮೆಟ್ಟಿಲು ನಮ್ಮಂಥವರು ಹತ್ತುವಂಥದ್ದಲ್ಲ.

ಆದರೆ ನನ್ನ ಹತ್ತಿರ ಕಾಮಗಾರ ವಿಮೆಯ ಕಾರ್ಡು ಇತ್ತು. ಗಿರಣಿಗೆ ಸೇರಿದಾಗಿನಿಂದ ಪ್ರತಿ ಪಗಾರದಲ್ಲಿ ಅದರ ಸಲುವಾಗಿ ಕಡಿಯುತ್ತಿದ್ದರು. ನನಗೆ ನೆಗಡಿ ಬಿಟ್ಟರೆ ರೋಗ ಗೊತ್ತಿಲ್ಲ. ಹಾಗಾಗಿ ಆ ಕಾರ್ಡು ಟ್ರಂಕಿನಲ್ಲಿ ಹೊಸದಾಗಿಯೇ ಇತ್ತು. ಅದನ್ನು ತೆಗೆದುಕೊಂಡು ಗಿರಣಿಯ ಆಫೀಸಿಗೆ ಹೋದೆ. ಅಲ್ಲಿ ಸುಕುಮಾರ ಅಂತ ಜೈನರ ಕ್ಲಾರ್ಕು, ಒಳ್ಳೆಯ ಮನುಷ್ಯ. ಕಾರ್ಡು ತಿರುವಿ ನೋಡಿ, ಕನ್ನಡಕ ತೆಗೆದು ಒರೆಸಿದ.

"ದುರ್ಗಾಬಾಯಿ, ಇದರ ಮ್ಯಾಲ ನಿಮ್ಮ ಅವ್ವಗ ಸಿಗೂದಿಲ್ಲ."

"ಯಾಕ್ರಿ? ಮನಿ ಮಂದಿಗೆಲ್ಲಾ ಐತಿ ಅಂತ ನೀವ ಹೇಳಿದ್ರಿ."

"ಗಂಡಸ ಕೆಲಸಗಾರ ಇದ್ರ ಅವನ ತಾಯಿ ತಂದಿ ಬರತಾರ, ಅವರು ಅವನ ಮ್ಯಾಲ ಅವಲಂಬಿಸಿದ್ರ. ಹೆಂಗಸ ಇದ್ರ ಗಂಡ, ಮಕ್ಕಳು ಅಷ್ಟ. ಕಾಯಿದೆ ಹಂಗೈತಿ."

"ಅಲ್ರಿ ಸುಕುಮಾರಣ್ಣಾ, ನನ್ನ ಪಗಾರ ಕಡಿಯೂ ಮುಂದ ನಾ ಹೆಂಗಸ ಅನ್ನೂದು ಕಾಯಿದೆಕ್ಕ ಗೊತ್ತಾಗೂದಿಲ್ಲೇನು?"

ಆಫೀಸಿನಲ್ಲಿದ್ದವರೆಲ್ಲ ತಲೆ ಎತ್ತಿದರು.

"ಕಾಯಿದೆ ನಾ ಬರದಿಲ್ಲವಾ."

"ಬರದಾವನ ಅವ್ವ ಇದ್ದಿದ್ದಿಲ್ಲೇನು? ಅವಗೇನು ಗಿಡದಿಂದ ಹರಕೊಂಡ ಬಂದಿದ್ರ?"

"ನನ್ನ ಬೈದ್ರ ಏನ ಬಂತು? ನಿಮ್ಮ ಯಜಮಾನರಿಗೆ ಕಾರ್ಡ ಇಲ್ಲ?"

ನನ್ನ ಗಂಡ ಮಲ್ಲಾರಿ ಮಗ್ಗದ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದ. ಆ ವರ್ಷ ಮುಂಬಯಿಯ ಗಿರಣಿಗಳು ಮುಷ್ಕರದಿಂದ ಬಂದ್ ಬಿದ್ದು, ಇಚಲಕರಂಜಿಯ ಮಗ್ಗಗಳಿಗೆ ಪುರುಸೊತ್ತೇ ಇರಲಿಲ್ಲ. ಆದರೆ ಅವನ ಮಾಲೀಕ ಒಂದೇ ಶೆಡ್ಡಿನ ನಡುವೆ ಹಲಗೆ ಹೊಡೆದು ಒಂದನ್ನು ತನ್ನ ಹೆಸರಿಗೆ, ಒಂದನ್ನು ಹೆಂಡತಿಯ ಹೆಸರಿಗೆ, ಒಂದನ್ನು ಹುಟ್ಟಿದ ಕೂಸಿನ ಹೆಸರಿಗೆ ಮಾಡಿದ್ದ. ಅಷ್ಟು ಸಣ್ಣ ಕಾರಖಾನೆಗೆ ವಿಮೆ ಹತ್ತುವುದಿಲ್ಲ. ಇಷ್ಟಕ್ಕೂ ಅತ್ತೆಯನ್ನು ಅಳಿಯನ ಕಾರ್ಡಿನಲ್ಲಿ ಹಾಕಲು ಬರುತ್ತಿರಲಿಲ್ಲ.

"ತಮ್ಮ ಅದಾನ," ಅಂದೆ. "ಕೊಲ್ಹಾಪುರದಾಗ, ಎರಕದ ಕಾರಖಾನಿಯಾಗ."

"ಮತ್ತ? ಅವನ ಕಾರ್ಡಿಗೆ ಹಚ್ಚರಿ. ಅವ್ವ ಅವನ ಮನ್ಯಾಗ ಇರಬೇಕು, ಅವನ ಗಳಿಕಿ ಮ್ಯಾಲ ಉಣ್ಣಬೇಕು, ಸ್ವಂತದ್ದು ಏನೂ ಇರಬಾರದು. ಇಷ್ಟ."

ಇಷ್ಟೇ ಅಂದ. ಕುರ್ಚಿಯಲ್ಲಿ ಕೂತವರಿಗೆ ಎಲ್ಲವೂ ಇಷ್ಟೇ.

ರಜೆಯ ದಿನ ಕೊಲ್ಹಾಪುರಕ್ಕೆ ಹೋದೆ. ಜೋತಿಬಾ ಭಟ್ಟಿಯ ಮುಂದೆ ಕೆಲಸ ಮಾಡಿ ಮಾಡಿ ಕರಿ ಕಟ್ಟಿಗೆಯಂತೆ ಆಗಿದ್ದ. ಮೊದಲಿಂದಲೂ ಮಾತು ಕಡಿಮೆ. ಅವನ ಹೆಂಡತಿ ಮಂಗಲ ಚಹಾ ಕೊಟ್ಟು, ನನ್ನ ಎದುರಿಗೇ ಕೂತಳು.

"ಅವ್ವಗ ಏನ ಆಗೈತಿ ಅಕ್ಕಾ?" ಅಂತ ತಮ್ಮ ಕೇಳಿದ.

"ಹೆಂಗಸರ ರೋಗ."

ಅವನು ನೆಲ ನೋಡಿದ. ನಾನು ಮಂಗಲಳಿಗೆ ಕಿವಿಯಲ್ಲಿ ಹೇಳಿದೆ. ಅವಳು ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಅಂದಳು:

"ಅತ್ತಿ ಇಲ್ಲೇ ಇರ್ಲಿ. ನಾ ಯಾವಾಗರ ಬ್ಯಾಡ ಅಂದೇನೇನು ಅಕ್ಕಾರ? ಮಗ ಇದ್ದೂ ಮುದುಕಿ ಮಗಳ ಮನ್ಯಾಗ ಐತಿ ಅಂತ ಮಂದಿ ನನಗ ಉಗುಳತಿದ್ರು. ಆಗ ನೀವು ಕಳಸಲಿಲ್ಲ. ಈಗ ಕಾರ್ಡಿನ ಸಲುವಾಗಿ ಕಳಸಾಕತ್ತೀರಿ."

ಚಹಾದ ಬಟ್ಟಲು ಕೆಳಗಿಟ್ಟೆ. ಅವಳು ಅಂದದ್ದು ಖರೆ ಇತ್ತು.

ಜೋತಿಬಾ ಅರ್ಜಿ ಹಾಕಿದ. ವಿಮಾ ಆಫೀಸಿನ ಇನ್ಸ್ಪೆಕ್ಟರು ಮನೆಗೆ ಬಂದು ವಿಚಾರಿಸುತ್ತಾರೆ ಅಂತ ತಿಳಿಯಿತು. ನಾನು ಅವ್ವನ ಸೀರೆ, ತಾಟು, ಕಂಬಳಿ ಗಂಟು ಕಟ್ಟಿ ಅವಳನ್ನು ಕೊಲ್ಹಾಪುರದ ಬಸ್ಸಿಗೆ ಹತ್ತಿಸಿದೆ. ಸೀಟು ಸಿಕ್ಕರೂ ಅವಳು ಕೂಡಲಿಲ್ಲ. ಕಂಬಿ ಹಿಡಿದು ನಿಂತಳು. ನಾನೂ ನಿಂತೆ. ನಿಂತುಕೊಂಡೇ ಪಾಠ ಹೇಳಿಕೊಟ್ಟೆ.

"ಎಲ್ಲಿರತಿ?"

"ನಿನ್ನ... ಮಗನ ಮನ್ಯಾಗ."

"ಯಾರ ಕೂಳ ಹಾಕತಾರ?"

"ನೀ."

"ನಾ ಅಲ್ಲಾ ಯವ್ವಾ!"

"ಮಗ. ಮಗ ಹಾಕತಾನ."

"ಮತ್ತ ನಾ ಯಾರು?"

"ನನ್ನ ಮಗಳು ದುರ್ಗಿ."

"ನನ್ನ ಸುದ್ದಿ ಕೇಳಿದ್ರ ಹಬ್ಬಕ್ಕ ಬರತಾಳ ಅನ್ನ."

"ಹಬ್ಬಕ್ಕ ಬರತಾಳ," ಅಂದಳು ಅವ್ವ. ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ಕಬ್ಬಿನ ಗದ್ದೆ ನೋಡಿದಳು. "ಸುಳ್ಳ ಆಗತೈತೆಲ್ಲಾ."

"ಸುಳ್ಳ ಆಗ್ಲಿ. ಜೀವ ಉಳದ್ರ ಮುಂದ ಖರೇ ಹೇಳ."

ಇನ್ಸ್ಪೆಕ್ಟರು ಬರುವ ದಿನ ನಾನು ರಜೆ ಹಾಕಿ ಹೋಗಿದ್ದೆ. ಹಬ್ಬಕ್ಕೆ ಬಂದವಳ ಹಾಗೆ ಹೊಸ ಸೀರೆ ಉಟ್ಟಿದ್ದೆ. ಸಾಹೇಬರು ಚಿಕ್ಕ ವಯಸ್ಸಿನವರು, ಮೆತ್ತಗಿನ ಮಾತು. ಮರಾಠಿಯವರು, ಆದರೆ ಕನ್ನಡ ಸಾಕಷ್ಟು ಬರುತ್ತಿತ್ತು. ಅವರಲ್ಲಿ ಒಂದು ತಪ್ಪು ಹುಡುಕಿ ಬೈಯೋಣ ಅಂದರೂ ಸಿಗಲಿಲ್ಲ.

"ಬಸಾ ಆಜೀ, ಬಸಾ. ಯಾಕೆ ನಿಂತ್ರಿ?"

"ಕುಂತ್ರ ತ್ರಾಸ ಆಗತೈತ್ರಿ ಸಾಹೇಬ."

"ಬರಂ, ಇರ್ಲಿ. ಎಲ್ಲಿರತೀರಿ?"

"ಮಗನ ಮನ್ಯಾಗ."

"ಊಟ, ಔಷಧ ಯಾರು ನೋಡತಾರ?"

"ಮಗ ನೋಡತಾನ. ಸೊಸಿ ನೋಡತಾಳ."

"ಈ ಬಾಯಿ?"

"ನನ್ನ ಮಗಳು. ಹಬ್ಬಕ್ಕ ಬರತಾಳ."

ತಡವರಿಸಲಿಲ್ಲ. ಮಂಗಲ ನನ್ನ ಕಡೆ ನೋಡಿ ಕಣ್ಣಿನಲ್ಲೇ ನಕ್ಕಳು. ಕೆಲಸ ಆಯಿತು ಅಂದುಕೊಂಡೆವು. ಸಾಹೇಬರು ಪೆನ್ನಿನ ಟೊಪ್ಪಿಗೆ ಹಾಕುತ್ತ, ಸುಮ್ಮನೆ ಮಾತಿಗೆ ಅನ್ನುವ ಹಾಗೆ ಕೇಳಿದರು:

"ನೀವು ಧನಗರ ನಾ? ಕುರಿ ಅದಾವೇನು ಆಜೀ?"

ಎಲ್ಲ ಪ್ರಶ್ನೆಗೂ ಉತ್ತರ ಕಲಿಸಿದ್ದೆ, ಇದೊಂದಕ್ಕೆ ಕಲಿಸಿರಲಿಲ್ಲ. ಇದನ್ನು ಕಲಿಸಬೇಕು ಅಂತ ಹೊಳೆದೇ ಇರಲಿಲ್ಲ. ಕುರಿಯ ಬಗ್ಗೆ ಯಾರು ಕೇಳಿದರೂ ಏನು ಹೇಳಬೇಕು ಅನ್ನುವುದು ನಮಗೆ ತೊಟ್ಟಿಲಲ್ಲೇ ಗೊತ್ತಿರುತ್ತದೆ.

"ರಗಡ ಅದಾವ್ರಿ," ಅಂದಳು ಅವ್ವ.

"ಎಲ್ಲಿ?"

"ಮೇಯಾಕ ಹೋಗ್ಯಾವ. ಘಟ್ಟದ ಕೆಳಗ."

"ಯಾರ ಕುರಿ? ನಿಮ್ಮವೇ?"

"ನನ್ನವ್ರಿ. ಮತ್ತ ಯಾರವು?" ಅಂದಳು. ಅಷ್ಟು ದಿನಗಳಲ್ಲಿ ಮೊದಲ ಸಲ ಅವಳ ಬೆನ್ನು ನೆಟ್ಟಗಾಗಿತ್ತು.

ಸಾಹೇಬರು ಪೆನ್ನಿನ ಟೊಪ್ಪಿಗೆಯನ್ನು ಮತ್ತೆ ತೆಗೆದರು. ಜೋತಿಬಾನ ಕಡೆ ತಿರುಗಿದರು.

"ಖರೇ ಏನು? ಕುರಿ ಅದಾವು?"

ಜೋತಿಬಾ ಹಣೆ ಒರೆಸಿಕೊಂಡ. ನನ್ನನ್ನು ನೋಡಿದ, ಅವ್ವನನ್ನು ನೋಡಿದ.

"ಹೌದ್ರಿ," ಅಂದ. "ಮೇಯಾಕ ಹೋಗ್ಯಾವ."

ಮಂಗಲ ಸೆರಗು ಬಾಯಿಗೆ ಹಿಡಿದಳು. ನಾನು ಮಾತಾಡಬೇಕಿತ್ತು. ಗಿರಣಿಯ ಆಫೀಸಿನಲ್ಲಿ ಎಲ್ಲರ ಮುಂದೆ ಮಾತು ಎಸೆದವಳು ನಾನು. ಬಾಯಿ ತೆರೆದೆ. 'ಇಲ್ಲ' ಅನ್ನುವ ಒಂದು ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಸಾಹೇಬರು ಬರೆದರು, ಚಹಾ ಕುಡಿದರು, ಆಜಿಗೆ ಕೈ ಮುಗಿದು ಹೋದರು.

ಅವರ ಸೈಕಲ್ಲು ಓಣಿ ದಾಟುವುದೇ ತಡ, ನಾನು ಹರಿಹಾಯ್ದೆ.

"ಎಲ್ಲಿ ಅದಾವ ಕುರಿ? ತೋರ್ಸ! ಅಟ್ಟದ ಮ್ಯಾಲ ಅದಾವೇನು, ಹಾಸಗಿ ಕೆಳಗ ಅದಾವೇನು?"

"ದುರ್ಗೀ, ಬಾಯಿ ಬಿಗಿ ಹಿಡಿ."

"ಹಿಡೀತೇನಿ, ನೀ ಸತ್ತ ಮ್ಯಾಲ ಹಿಡೀತೇನಿ. ಅಂವಾ ಕುರಿ ಖರೀದಿ ಮಾಡಾಕ ಬಂದಿದ್ದಿಲ್ಲ, ನಿನ್ನ ಜೀವಾ ಉಳಸಾಕ ಬಂದಿದ್ದ!"

"ಇಷ್ಟ ಒದರತಿ, ಅವನ ಮುಂದ ನೀ ಯಾಕ ಅನಲಿಲ್ಲ?" ಅಂತ ಅವ್ವ ಮೆಲ್ಲಗೆ ಕೇಳಿದಳು.

ನಾನು ಚಪ್ಪಲಿ ಮೆಟ್ಟಿಕೊಂಡು ಬಸ್ಸಿನ ಕಡೆ ನಡೆದೆ.

ಅರ್ಜಿ ಬಿದ್ದುಹೋಯಿತು. ತಾಯಿಗೆ ಸ್ವಂತ ಕುರಿಹಿಂಡು ಇದೆ, ಮಗನ ಮೇಲೆ ಅವಲಂಬಿಸಿಲ್ಲ ಅಂತ. ಆ ಹೊತ್ತಿಗೆ ಅವ್ವನಿಗೆ ಚಳಿಜ್ವರ ಶುರುವಾಗಿತ್ತು. ನಾನು ಗಿರಣಿಗೆ ಹೋಗಿ ಲಡಿ ಸುತ್ತುತ್ತಿದ್ದೆ, ಎಳೆ ಹರಿದದ್ದು ಕಣ್ಣಿಗೆ ಬೀಳುತ್ತಿರಲಿಲ್ಲ. ಬೈಸಿಕೊಂಡೆ, ತಿರುಗಿ ಬೈದೆ. ಮನೆಯಲ್ಲಿ ಈಗ ಅಡ್ಡಾಡುವವಳು ನಾನೇ ಆಗಿದ್ದೆ. "ಅವ್ವ ಹೋದ್ಲು, ಮಗಳಿಗೆ ಹತ್ತೇತಿ ಗಿರಕಿ," ಅಂದ ಮಲ್ಲಾರಿ. ಕೈಯಲ್ಲಿದ್ದ ತಂಬಿಗೆ ಅವನತ್ತ ಎಸೆದೆ. ತಾಗಲಿಲ್ಲ.

ಮರುದಿನ ರಜೆ ಕೇಳದೆಯೇ ಕೊಲ್ಹಾಪುರದ ವಿಮಾ ಆಫೀಸಿಗೆ ಹೋದೆ. ಅದೇ ಸಾಹೇಬರು ಇದ್ದರು. ಅವರ ಮೇಜಿನ ಮುಂದೆ ನಿಂತು ಅಂದೆ:

"ಸಾಹೇಬ, ಕುರಿ ಇಲ್ಲ. ನಮ್ಮ ಹಟ್ಟಿಯಾಗ ಒಂದ ಕುರಿನೂ ಇಲ್ಲ. ಎಲ್ಲಾ ಸತ್ತಾವ, ಉಳದದ್ದ ಮಾರೇವಿ. ಹಂಗ ಅನಬಾರದು ಅಂತ ನಮ್ಮಲ್ಲಿ ಪದ್ಧತಿ ಐತಿ. ಅದಕ್ಕ ಮುದುಕಿ ಹಂಗ ಅಂದಳು."

ಜನ್ಮದಲ್ಲಿ ಮೊದಲ ಸಲ ಆ ಮಾತು ಆಡಿದ್ದೆ. ಅವರು ಪೂರ್ತಿ ಕೇಳಿಸಿಕೊಂಡರು, ನಗಲಿಲ್ಲ.

"ಬಾಯೀ, ನಾನು ನಂಬತೀನಿ. ಆದರ ನಿಮ್ಮ ಮಾತಿನ ಮ್ಯಾಲ ನಾನು ಬರಿಯಾಕ ಬರೂದಿಲ್ಲ. ನೀವು ಲಗ್ನ ಆಗಿ ಹೋದ ಮಗಳು. ಆಜಿ ಬಂದು ತನ್ನ ಬಾಯಿಲೆ ಹೇಳಬೇಕು. ಆಜಿದು ಸ್ವಂತದ್ದು ಏನೂ ಇಲ್ಲ, ಮಗನೇ ಆಧಾರ ಅಂತ. ಕರಕೊಂಡ ಬರ್ರಿ, ನಾನು ಮತ್ತ ನೋಡತೀನಿ."

ಅಲ್ಲಿಂದ ನಡೆದೇ ಜೋತಿಬಾನ ಮನೆಗೆ ಹೋದೆ. ಅವ್ವ ಅಂದು ಮಲಗಿದ್ದಳು. ಅಡ್ಡಾಡುವ ಶಕ್ತಿಯೂ ಹೋಗಿತ್ತು. ಮಲಗಿದಲ್ಲೇ ಕಾಲು ಆಡಿಸುತ್ತಿದ್ದಳು, ಕನಸಿನಲ್ಲಿ ನಡೆಯುವ ನಾಯಿಯ ಹಾಗೆ. ನಾನು ಆಫೀಸಿನಲ್ಲಿ ಏನು ಹೇಳಿದೆ ಅನ್ನುವುದನ್ನು ಮುಚ್ಚಿಡಲಿಲ್ಲ. ಜೋತಿಬಾ ಎದ್ದು ನಿಂತ. ಅವ್ವ ಮಾತ್ರ ಶಾಂತವಾಗಿದ್ದಳು.

"ಹೋಗ್ಲಿ ಬಿಡ. ನೀ ಲಗ್ನ ಮಾಡಿ ಕೊಟ್ಟ ಹೆಣ್ಣು. ನಿನ್ನ ಮಾತು ನಮ್ಮ ಹಟ್ಟಿಗೆ ಹತ್ತೂದಿಲ್ಲ."

ಸರಕಾರಕ್ಕೂ ನನ್ನ ಮಾತು ಬೇಡ, ದೇವರಿಗೂ ಬೇಡ. ಹುಚ್ಚಿಯ ಹಾಗೆ ನಕ್ಕೆ.

"ಹಂಗಾರ ನೀ ಹೇಳ. ನಾಳೆ ಬಂದ ಹೇಳ."

"ಹೇಳೂದಿಲ್ಲ."

"ಸಾಯತಿ ಯವ್ವಾ."

"ಸತ್ರ ಸಾಯತೇನಿ. ನಿಮ್ಮಪ್ಪ ಕಣ್ಣ ಮುಚ್ಚೂ ಮುಂದ ಹಟ್ಟಿ ನನ್ನ ಕೈಯಾಗ ಕೊಟ್ಟ ಹೋಗ್ಯಾನ. ನನ್ನ ಬಾಯಿಲೆ ಅದನ್ನ ಬರಿದ ಮಾಡಂಗಿಲ್ಲ. ಇವನ ಮಕ್ಕಳಿಗೆ ಬೇಕಾಗತೈತಿ."

"ಇವನ ಮಕ್ಕಳು ಕುರಿ ಕಂಡ್ರ ನಾಯಿ ಅಂತಾವ!"

ನನಗೆ ಇನ್ನು ತಡೆಯಲಾಗಲಿಲ್ಲ. ಹಳೆಯದೆಲ್ಲ ಬಾಯಿಗೆ ಬಂತು. "ಅಷ್ಟ ಹಟ್ಟಿ ಹಟ್ಟಿ ಅಂತಿ, ಅಪ್ಪ ಸತ್ತ ಮ್ಯಾಲ ಪದ್ಧತಿ ಪ್ರಕಾರ ಇವನ ಕೈಯಾಗ ಕೋಲ ಕೊಡಬೇಕಾಗಿತ್ತು. ಕೊಟ್ಟೇನು? ಇಷ್ಟ ವರ್ಷ ನೀನ ಯಜಮಾನತಿ ಅಂತ ಮೆರದಿ. ಅದಕ್ಕ 'ನನ್ನವ' ಅಂದಿ!"

"ಕೊಡಾಕ ಇಂವಾ ಎಲ್ಲಿದ್ದ? ಭಟ್ಟಿ ಮುಂದ ಇದ್ದ. ಕೋಲ ಹಿಡಕೊಂಡ ಯಾರ ಮನೀಗೆ ಬಂದ್ನಿ ನಾ? ನಿನ್ನ ಮನೀಗೆ ಬಂದ್ನಿ."

ಒಲೆಯ ಹತ್ತಿರ ಕೂತಿದ್ದ ಮಂಗಲ ಊದುಕೊಳವೆಯನ್ನು ಕೆಳಗಿಟ್ಟಳು.

"ಅತ್ತಿ," ಅಂದಳು, "ಹಂಗಾರ ಈಗ ಕೊಡ್ರಿ."

"ಏನು?"

"ಕೋಲು. ಇವರ ಕೈಯಾಗ ಕೊಡ್ರಿ. ಕುರಿ ಇವರವು ಆಗತಾವ. ಇಲ್ಲ ಅನ್ನೂದ ಬ್ಯಾಡ. 'ನನ್ನವಲ್ಲ, ಮಗನವ' ಅಂದ್ರ ಆತು. ಸಾಹೇಬರಿಗೂ ಅಷ್ಟ ಬೇಕಾಗೇತಿ."

ಅವ್ವ ಅವಳನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಬಹಳ ಹೊತ್ತು ನನ್ನನ್ನೇ ನೋಡಿದಳು. ಆ ನೋಟಕ್ಕೆ ಏನು ಅರ್ಥ ಅಂತ ನನಗೆ ಗೊತ್ತಿತ್ತು. ಗೊತ್ತಿಲ್ಲದ ಹಾಗೆ ಗೋಡೆ ನೋಡಿದೆ.

"ಕೋಲ ದುರ್ಗಿ ಮನ್ಯಾಗ ಐತಿ," ಅಂದಳು.

ಗಂಟು ಕಟ್ಟುವಾಗ ನಾನು ಕೋಲನ್ನು ಮಾತ್ರ ಬಿಟ್ಟಿದ್ದೆ. ಬಾಗಿಲ ಹಿಂದೆ ವರ್ಷಗಟ್ಟಲೆ ನಿಂತಿತ್ತು ಅದು. ನಾನು ಅದರಿಂದ ಜೇಡರ ಬಲೆ ತೆಗೆಯುತ್ತಿದ್ದೆ, ನಾಯಿ ಓಡಿಸುತ್ತಿದ್ದೆ, ಮಕ್ಕಳು ಅದನ್ನು ಕುದುರೆ ಮಾಡಿ ಆಡಿದ್ದರು. ಆ ಸಂಜೆ ಇಚಲಕರಂಜಿಗೆ ಹೋಗಿ ಅದನ್ನು ಕೈಗೆ ತೆಗೆದುಕೊಂಡಾಗ ತೂಕ ಬೇರೆ ಅನ್ನಿಸಿತು. ಹಿಡಿಯುವ ಜಾಗದಲ್ಲಿ ಅಪ್ಪನ ಕೈ, ಅವ್ವನ ಕೈ ಸವರಿ ಸವರಿ ನುಣ್ಣಗಾಗಿತ್ತು. ಅವಳಿಗೆ ರೊಟ್ಟಿ ಹಾಕಿದ್ದು ನಾನು. ಅವಳ ತಲೆ ಹಿಕ್ಕಿದ್ದು ನಾನು. ಕೋಲು ಹೋಗುವುದು ಪಂಚಮಿಗೊಮ್ಮೆ ಮುಖ ತೋರಿಸುವವನ ಕೈಗೆ. ಇಲ್ಲದ ಕುರಿಗಾಗಿ ನನಗೆ ಹೊಟ್ಟೆ ಉರಿಯಿತು. ಮುರಿದು ಒಲೆಗೆ ಹಾಕಿಬಿಡಲೇ ಅನ್ನಿಸಿತು. ಮೊಣಕಾಲಿಗೆ ಇಟ್ಟು ನೋಡಿದೆ ಕೂಡ.

"ಏ, ಏನ ಮಾಡಾಕತ್ತಿ?" ಅಂದ ಮಲ್ಲಾರಿ.

"ಧೂಳ ಜಾಡಸಾಕತ್ತೇನಿ," ಅಂದೆ.

ಬೆಳಗಿನ ಬಸ್ಸಿನಲ್ಲಿ ಅಷ್ಟುದ್ದದ ಕೋಲು ನಿಲ್ಲಿಸಲು ಜಾಗ ಇರಲಿಲ್ಲ. ಕಂಡಕ್ಟರು ಟಿಕೆಟು ಹರಿಯುತ್ತ ಕೇಳಿದ, "ಬಾಯೀ, ಕೋಲ ಹತ್ತಿಸಿದ್ರಿ, ಮೇಂಢರಂ, ಕುರಿ ಎಲ್ಲಿ? ಅವಕ್ಕೂ ಟಿಕೀಟ ಬೇಕು." ಬಸ್ಸೆಲ್ಲ ನಕ್ಕಿತು. ಬೇರೆ ದಿನವಾಗಿದ್ದರೆ ಅವನ ಅಪ್ಪನ ತನಕ ಹೋಗಿ ಬರುತ್ತಿದ್ದೆ. ಅಂದು ಬಾಯಿ ಮುಚ್ಚಿಕೊಂಡಿದ್ದೆ.

ಜೋತಿಬಾನ ಖೋಲಿಯಲ್ಲಿ ಕಂಬಳಿ ಹಾಸಿದೆವು. ನಮ್ಮ ದೇವರು ಹಾಲಸಿದ್ದನ ಹೆಸರು ಹೇಳಿ ಅದರ ಮೇಲೆ ಅರಿಸಿನದ ಭಂಡಾರ ಚೆಲ್ಲಿದೆವು. ಅವ್ವನನ್ನು ನಾನು, ಮಂಗಲ ಎರಡೂ ಕಡೆ ಹಿಡಿದು ನಿಲ್ಲಿಸಿದೆವು. ಜ್ವರದಿಂದ ಅವಳ ಕೈ ಒಲೆಯ ಕಲ್ಲಿನ ಹಾಗೆ ಸುಡುತ್ತಿತ್ತು. ಕೋಲನ್ನು ನನ್ನ ಕೈಯಿಂದ ತೆಗೆದುಕೊಂಡು ಮಗನ ಕೈಗೆ ಕೊಟ್ಟಳು.

"ಹಿಡಿ. ಇವತ್ತಿನಿಂದ ಅವು ನಿನ್ನವ. ನಾ ನಿನ್ನ ಹಟ್ಟಿಯಾಗ ಉಣ್ಣಾಕಿ."

ಹಟ್ಟಿ ಬಿಟ್ಟುಕೊಡುವ ಹಿರಿಯರು ಆಡುವ ಮಾತು ಅದು. ಆಡಿದ ಮೇಲೆ ಅವರದು ಅಂತ ಏನೂ ಉಳಿಯುವುದಿಲ್ಲ. ಜೋತಿಬಾ ಸುಟ್ಟ ಕಲೆಗಳ ಕೈಯಲ್ಲಿ ಕೋಲನ್ನು ಕೊಡೆ ಹಿಡಿದಂತೆ ಹಿಡಿದ. ಅದನ್ನು ಹೆಗಲ ಮೇಲೆ ಅಡ್ಡ ಹಾಕಬೇಕು ಅನ್ನುವುದೂ ಅವನಿಗೆ ಮರೆತಿತ್ತು. ನಾನೇ ಸಿಟ್ಟಿನಿಂದ ಎಳೆದು ಸರಿಯಾಗಿ ಇಟ್ಟೆ.

ಅದೇ ದಿನ ರಿಕ್ಷಾ ಮಾಡಿ ಆಫೀಸಿಗೆ ಒಯ್ದೆವು. ಸಾಹೇಬರು ಎದ್ದು ಬಂದು, ಅವ್ವ ನಿಂತಲ್ಲೇ ಕೇಳಿದರು.

"ಆಜೀ, ನಿಮ್ಮವು ಕುರಿ ಅದಾವು ಅಂದಿದ್ರಿ."

"ಅವು ಮಗನವ್ರಿ. ಅವಗ ಕೊಟ್ಟೇನಿ. ನನ್ನದ ಅಂತ ಏನೂ ಇಲ್ಲ. ನಾ ಅವನ ಹಟ್ಟಿಯಾಗ ಉಣ್ಣಾಕಿ."

ಸಾಹೇಬರು ನನ್ನ ಕಡೆ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ.

"ಜೋತಿಬಾ, ನಿಮಗ ಭಟ್ಟಿ ಕೆಲಸ. ಕುರಿ ಯಾವಾಗ ಕಾಯತೀರಿ?"

"ಅವು ತಾವ ಮೇಯತಾವ್ರಿ," ಅಂದ ನನ್ನ ತಮ್ಮ. ಅವನ ಬಾಯಿಂದ ಅಷ್ಟು ಚಂದದ ಮಾತು ನಾನು ಎಂದೂ ಕೇಳಿರಲಿಲ್ಲ.

ಸಾಹೇಬರು ತುಟಿ ಕಚ್ಚಿ ನಗು ತಡೆದರು. ಕೊನೆಯದಾಗಿ ಕೇಳಿದರು. "ಮಗಳು ಏನರ ಕೊಡತಾಳೇನು ಆಜೀ? ರೊಕ್ಕ, ಕಾಳು, ಅರವಿ?"

"ಮಗಳು ಹಬ್ಬಕ್ಕ ಬರತಾಳ್ರಿ," ಅಂದಳು ಅವ್ವ. ನೀರು ಕುಡಿದಷ್ಟು ಸಲೀಸಾಗಿ.

ನಾನೇ ಕಲಿಸಿದ ಮಾತು. ಅದು ಚೆನ್ನಾಗಿ ಬರಲಿ ಅಂತ ಬಸ್ಸಿನಲ್ಲಿ ನಿಂತು ಹೇಳಿಸಿದವಳೂ ನಾನೇ. ಹೊರಗೆ ಹೋಗಿ ನಳದ ಕೆಳಗೆ ಮುಖ ಹಿಡಿದು ನಿಂತೆ.

ಮಂಜೂರಾಯಿತು. ವಿಮೆಯ ದವಾಖಾನೆಯಲ್ಲಿ ಹಾಸಿಗೆ ಸಿಕ್ಕಿತು. ಕೀವು ಮೇಲೆ ಏರತೊಡಗಿತ್ತು, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟ ಇತ್ತು ಅಂದರು ಡಾಕ್ಟರು. ಮೊದಲು ಜ್ವರ ಇಳಿಸಿ, ಆಮೇಲೆ ಆಪರೇಷನ್ ಮಾಡಿದರು. ಒಳಗೆ ಒಯ್ದಾಗ ವರಾಂಡಾದಲ್ಲಿ ನಾನು ಅಡ್ಡಾಡಿದೆ, ಮಂಗಲ ಕೂತಳು, ಜೋತಿಬಾ ಪಾಳಿಗೆ ಹೋದ. ಅವನ ಪಗಾರ ಕಡಿದರೆ ಕಾರ್ಡಿಗೇ ತೊಂದರೆ ಅಂತ ನಾನೇ ಓಡಿಸಿದ್ದೆ. ನನ್ನ ಪಗಾರ ಕಡಿಯುತ್ತಿತ್ತು. ಅದು ಯಾವ ಕಾರ್ಡಿಗೂ ತಾಗುವಂತಿರಲಿಲ್ಲ.

ಹೊಲಿಗೆ ಮಾಯ್ದ ಮೇಲೆ ಒಂದು ಮಧ್ಯಾಹ್ನ ನಾನು ಗಿರಣಿಯಿಂದ ನೇರವಾಗಿ ಬಂದೆ. ತಲೆಯಲ್ಲೆಲ್ಲ ಹತ್ತಿಯ ಎಳೆ. ಮಂಗಲ ಮನೆಗೆ ಹೋಗಿದ್ದಳು. ಅವ್ವ ಹಾಸಿಗೆಯ ಮೇಲೆ ಕೂತಿದ್ದಳು. ಕಾಲು ಮಡಚಿ, ದಿಂಬಿಗೆ ಒರಗಿ, ಪೂರ್ತಿ ಕೂತಿದ್ದಳು. ಅವಳು ಹಾಗೆ ಕೂತದ್ದನ್ನು ಕಂಡು ಎಷ್ಟು ಕಾಲವಾಗಿತ್ತೋ. ನನಗೆ ಏನು ಮಾಡಬೇಕೋ ತಿಳಿಯದೆ ತಟ್ಟೆ ತೊಳೆದೆ, ಚಾದರ ಎಳೆದೆ, ಕಿಟಕಿ ತೆರೆದೆ, ಮತ್ತೆ ಹಾಕಿದೆ. ಸಾಯಂಕಾಲದ ಬಸ್ಸು ತಪ್ಪಿದರೆ ನಾಳೆಯ ಪಾಳಿ ಹೋಗುತ್ತಿತ್ತು.

ಹೊಸದಾಗಿ ಬಂದ ನರ್ಸಬಾಯಿ ಗುಳಿಗೆ ಕೊಡಲು ಬಂದಳು. ಮಂಚದ ತಲೆಗೆ ಕಟ್ಟಿದ್ದ ಕಾಗದ ನೋಡಿ ಓದಿದಳು.

"ಬೀರವ್ವ. ಮಗ ಜೋತಿಬಾ." ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಮತ್ತ ಇಕಿ ಯಾರು ಆಜೀ? ದಿನಾ ಬರತಾಳ, ದಿನಾ ಎಲ್ಲಾರ ಸಂಗಾಟ ಜಗಳಾಡತಾಳ ಅಂತ."

ನಾನು ಅವ್ವನ ಬಾಯಿ ನೋಡಿದೆ. ಇಲ್ಲೂ ಅದೇ ಹಬ್ಬದ ಮಾತು ಬರುತ್ತದೆ ಅಂದುಕೊಂಡಿದ್ದೆ. ಬಂದರೆ ತಪ್ಪೇನೂ ಇರಲಿಲ್ಲ. ನಾನು ಹೇಳಿಕೊಟ್ಟಿದ್ದೇ ಅಷ್ಟು.

ಅವ್ವ ಗುಳಿಗೆ ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಸೆರಗಿನಿಂದ ತುಟಿ ಒರೆಸಿಕೊಂಡಳು.

"ಇಕೀನ? ಕುರಿ ಮಗನವ್ರಿ. ಕಾಯಾಕಿ ಇಕಿ."

ನರ್ಸಬಾಯಿ ನಕ್ಕಳು. "ಹೌದೇನಬೇ? ಇಲ್ಲಿ ಬಂದ ನಿಂತಿ. ಕುರಿ ಎಲ್ಲಿ ಬಿಟ್ಟ ಬಂದಿ?"

ಸಿಟ್ಟು ಬರಬೇಕಿತ್ತು. ನಾನು ತಲೆಯಿಂದ ಹತ್ತಿಯ ಎಳೆ ಕಿತ್ತೆ.

"ಮೇಯಾಕ ಹೋಗ್ಯಾವ್ರಿ," ಅಂದೆ. ಹೂಜಿ ಎತ್ತಿಕೊಂಡು ನೀರು ತರಲು ಹೊರಗೆ ನಡೆದೆ.